ಕೇಳದೆ ತೆಗೆದ ಫೋಟೋ

ಕಲ್ಕತ್ತೆಯ ಎಸ್ಪ್ಲನೇಡಿನ ಹಿಂದಿನ ಗಲ್ಲಿಯಲ್ಲಿ ರವಿರಾಜರ ಉಡುಪಿ ಹೋಟೆಲಿದೆ. ರವಿರಾಜರಿಗೆ ಫೋಟೋದ ಹುಚ್ಚು. ಗಿರಾಕಿಗಳು ತಿನ್ನುತ್ತಿರುವಾಗಲೇ ತೆಗೆದು, ಹೋಟೆಲಿನ ಹೆಸರಿನೊಡನೆ ಫೇಸ್‌ಬುಕ್ಕಿಗೆ ಹಾಕಿಬಿಡುತ್ತಾರೆ.

ಅಲ್ಲಿಗೆ ಮಧ್ಯಾಹ್ನದ ಹೊತ್ತು ಥೀರಿ ಬರುತ್ತಾಳೆ. ಮ್ಯಾನ್ಮಾರಿನ ಪತ್ರಕರ್ತೆ. ಸೈನಿಕರು ಹಳ್ಳಿ ಸುಟ್ಟದ್ದನ್ನು ಬರೆದದ್ದಕ್ಕೆ ದೇಶ ಬಿಡಬೇಕಾಯಿತು. ಈಗ ತಪ್ಪಿಸಿಕೊಂಡು ಬಂದವರ ಮಾತು ಕೇಳಿ, ಇಲ್ಲಿಂದಲೇ ಬರೆಯುತ್ತಾಳೆ.

ಆ ದಿನ ಅವಳೆದುರು ಅವಳದೇ ದೇಶದ ಹೆಂಗಸೊಬ್ಬಳು ಕುಳಿತಿದ್ದಳು. ಇಡ್ಲಿ ಮುರಿಯುತ್ತ ಆಗಷ್ಟೇ ತನ್ನ ಹಳ್ಳಿಯ ಮಾತು ತೆಗೆದಿದ್ದಳು. ರವಿರಾಜರ ಮೊಬೈಲು ಫಳಕ್ಕೆಂದಿತು. ಹೆಂಗಸು ಶಾಲಿನಿಂದ ಮುಖ ಮುಚ್ಚಿಕೊಂಡು ಎದ್ದು ಬಾಗಿಲ ಕಡೆ ನಡೆದಳು.

"ದಾದಾ, ಅದನ್ನು ಅಳಿಸಿಬಿಡಿ," ಎಂದಳು ಥೀರಿ ಮುರುಕು ಹಿಂದಿಯಲ್ಲಿ.

"ಹಾಕಿ ಆಯ್ತಲ್ಲ ದೀದಿ. ಕಲ್ಕತ್ತೆಗೆ ನಿಮ್ಮನ್ನು ಯಾರು ಹುಡುಕಿಕೊಂಡು ಬರ್ತಾರೆ?"

"ನಮ್ಮನ್ನಲ್ಲ. ಇವರ ಮಗ ಇನ್ನೂ ಅಲ್ಲೇ ಇದ್ದಾನೆ. ತಾಯಿ ನನ್ನ ಜೊತೆ ಮಾತಾಡಿದ್ದು ಸೈನಿಕರಿಗೆ ಗೊತ್ತಾದರೆ ಅವನನ್ನು ಎಳೆದುಕೊಂಡು ಹೋಗ್ತಾರೆ."

ಗಲ್ಲಾಪೆಟ್ಟಿಗೆಯ ಬಳಿ ರವಿರಾಜರ ತಾಯಿ ಸುಂದರಿಯಮ್ಮ ಕುಳಿತಿದ್ದರು. ರವಿರಾಜರು ಅತ್ತ ತಿರುಗಿದರು. "ಎಂತ ಅಮ್ಮ ಇದು? ನಾನೆಂತ ಇವರ ವೈರಿಯಾ?"

"ಅಲ್ಲ ಮಾರಾಯ. ಸಣ್ಣದಿರುವಾಗ ಹೇಳಿದ ಕಥೆ ಮರ್ತೇ ಹೋಯ್ತಾ? ಕಾಡಲ್ಲಿ ಅಡಗಿದ ರಾಜಕುಮಾರಿಯನ್ನು ಹುಡುಕಿ ಹುಡುಕಿ ರಾಕ್ಷಸ ಸೋತ. ಕಡೆಗೆ ಗುಡಿಸಲು ಗೊತ್ತಾದದ್ದು ಯಾರಿಂದ? ಅವಳ ಕೂದಲು ಎಷ್ಟು ಚೆಂದ ಅಂತ ಊರೆಲ್ಲ ಹೇಳಿಕೊಂಡು ಬಂದ ಹೂವಾಡಗಿತ್ತಿಯಿಂದ. ಪಾಪ, ಅವಳಿಗೆ ಪ್ರೀತಿಯೇ."

"ಮತ್ತೆ ಹೂವಾಡಗಿತ್ತಿ ಎಂತ ಮಾಡಿದಳು?"

"ಆಡಿದ್ದನ್ನು ಅವಳಿಗೆ ಅಳಿಸ್ಲಿಕ್ಕೆ ಆಗ್ಲಿಲ್ಲ. ನಿನಗೆ ಆಗ್ತದಲ್ಲ, ನನ್ನ ಮುಖ ಎಂತ ನೋಡ್ತೀ?"

ರವಿರಾಜರು ಬಾಗಿಲ ಬಳಿ ಹೋಗಿ ಆ ಹೆಂಗಸಿನ ಎದುರಿಗೇ ಫೇಸ್‌ಬುಕ್ಕಿನಿಂದ ಫೋಟೋ ತೆಗೆದರು, ಮೊಬೈಲಿನಿಂದಲೂ ಅಳಿಸಿದರು. ವಾಟ್ಸಾಪಿನಲ್ಲಿ ಗೆಳೆಯ ಸುಬ್ರಹ್ಮಣ್ಯರಿಗೂ ಕಳಿಸಿದ್ದರು. ಫೋನು ಮಾಡಿ ಅಲ್ಲೂ ಅಳಿಸಿಹಾಕಿಸಿದರು. ಆಮೇಲೆ ಬೀದಿಗೆ ಬೆನ್ನು ಬರುವಂತೆ ಕುರ್ಚಿ ತಿರುಗಿಸಿಟ್ಟು, "ಕೂತ್ಕೊಳ್ಳಿ. ಇನ್ನು ಕೇಳದೆ ತೆಗೆಯುವುದಿಲ್ಲ," ಎಂದರು.

ಬಾಗಿಲವರೆಗೆ ಹೋಗಿದ್ದ ಹೆಂಗಸು ಥೀರಿಯ ಮುಖ ನೋಡಿದಳು. ಮೆಲ್ಲನೆ ಬಂದು ಕುಳಿತಳು. ಕಾಫಿ ಆರಿಹೋಗುವವರೆಗೂ ಮಾತಾಡಿದಳು. ಸುಟ್ಟುಹೋದ ಒಂದು ಹಳ್ಳಿಯ ಕಥೆ ಅಂದು ಉಳಿಯಿತು.

ಓದುವ ಅಕ್ಕ, ಅಣ್ಣಂದಿರೇ, ಮದುವೆ ಮನೆಯಿರಲಿ, ಪೂಜೆಯ ಪೆಂಡಾಲಿರಲಿ, ಮೊಬೈಲು ಎತ್ತುವ ಮೊದಲು ಒಂದು ಮಾತು ಕೇಳಿ. ಬೇಡವೆಂದರೆ ಕಾರಣ ಕೆದಕಬೇಡಿ. ಕೇಳದೆ ಹಾಕಿದ್ದರೆ ಇವತ್ತೇ ಅಳಿಸಿ, ಯಾರಿಗೆ ಕಳಿಸಿದ್ದೀರೋ ಅವರಿಗೂ ಅಳಿಸಲು ಹೇಳಿ. ನೀವು ಎಂದೂ ನೋಡದ ಊರಿನಲ್ಲಿ ಯಾರದೋ ಮಗ ನೆಮ್ಮದಿಯಾಗಿ ಉಣ್ಣಲಿ.