ಟ್ಯಾಬಿಥಾಳಿಗೆ ಕಟ್ಟಿದ ಕಥೆ

ಬಸ್ ಓಡಿಸುವುದನ್ನು ಬಿಟ್ಟ ಮೇಲೆ ಕ್ಲಿಫರ್ಡ್ ಎಂಟ್ವಿಸಲ್ ನಮ್ಮೂರ ಗುಡ್ಡದ ಹಳೆಯ ಸ್ಮಶಾನವನ್ನು ನೋಡಲು ಬಂದವರಿಗೆ ಸುತ್ತಿ ತೋರಿಸುತ್ತಿದ್ದ. ವಿಕ್ಟೋರಿಯಾ ರಾಣಿಯ ಕಾಲದ ಗಿರಣಿ ಧಣಿಗಳ ಗೋರಿಗಳು ಅಲ್ಲಿ ಮನೆಯೆತ್ತರ ನಿಂತಿವೆ. ಜನಕ್ಕೆ ಅವು ಬೇಕಿರಲಿಲ್ಲ. "ಕ್ಲಿಫ್, ಆ ಜಿನ್ ಟ್ಯಾಬಿ ಕಥೆ ಹೇಳಪ್ಪ!" ಎನ್ನುತ್ತಿದ್ದರು.

ಈ ಟ್ಯಾಬಿ, ಅಂದರೆ ಅಲ್ಲೇ ಮಣ್ಣಾದ ಟ್ಯಾಬಿಥಾ ಆರ್ಮರಾಡ್, ಬಟ್ಟೆ ಒಗೆದು ಬದುಕಿದವಳು, ಕಾಲುವೆಗೆ ಬಿದ್ದು ಸತ್ತವಳು. ಊರಿಗೆ ಗೊತ್ತಿದ್ದದ್ದು ಅಷ್ಟೇ. ಒಂದು ಸಲ ಜನ ಆಕಳಿಸುವುದನ್ನು ಕಂಡ ಕ್ಲಿಫರ್ಡ್ ಕಥೆಯಲ್ಲಿ ಅವಳ ಕೈಗೆ ಜಿನ್ ಎಂಬ ಮದ್ಯದ ಬಾಟಲಿ ಕೊಟ್ಟ. ತೂರಾಡಿಸಿ, ಹಾಡಿಸಿ, ನೀರಿಗೆ ಬೀಳಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಬಂದವರು ಅವಳ ಗೋರಿಯ ಮೇಲೆ ಪುಟ್ಟ ಪುಟ್ಟ ಜಿನ್ ಬಾಟಲಿ ಇಟ್ಟು ಫೋಟೋ ತೆಗೆದುಕೊಳ್ಳತೊಡಗಿದರು.

ಆ ಭಾನುವಾರವೂ ಜನ ನಕ್ಕು, ಗೇಟಿನ ಬಳಿಯ ಚಹಾದಂಗಡಿಗೆ ಇಳಿದರು. ಡ್ಯಾಫೊಡಿಲ್ ಹೂ ಹಿಡಿದ ಮುದುಕಿಯೊಬ್ಬಳು ಮಾತ್ರ ಟ್ಯಾಬಿಥಾಳ ಗೋರಿಯ ಬಳಿಯೇ ಉಳಿದಳು.

"ನಾನು ಈನಿಡ್ ಅಂತ. ಇವಳು ನಮ್ಮಜ್ಜಿಯ ಅಮ್ಮ," ಎಂದಳು. "ಕುಡೀತಿದ್ಲು ಅಂತ ನಿಮಗೆ ಯಾರು ಹೇಳಿದ್ದು?"

"ಹಳೇ ಪೇಪರಲ್ಲಿ ಬಂದಿತ್ತಮ್ಮ," ಎಂದುಬಿಟ್ಟ ಕ್ಲಿಫರ್ಡ್.

ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದ. ಆಕೆ ಮೆಲ್ಲಗೆ ಕಲ್ಲಿನಂಚಿಗೆ ಕೂತಳು. "ಹೌದಾ? ಬಟ್ಟೆಬುಟ್ಟಿ ಹೊತ್ಕೊಂಡು ಬರ್ತಾ ಮಂಜುಗಡ್ಡೇಲಿ ಕಾಲು ಜಾರಿತು ಅಂತ ಅಜ್ಜಿ ಹೇಳೋಳು. ಪಾಪ, ಅಮ್ಮನ ಮಾನ ಮುಚ್ಚೋಕೆ ಹಾಗಂದ್ಲೇನೋ." ಹೂವನ್ನು ಇಡಲೋ ಬೇಡವೋ ಎಂಬಂತೆ ಮಡಿಲಲ್ಲೇ ಹಿಡಿದುಕೊಂಡಳು.

ಕ್ಲಿಫರ್ಡನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಇಲ್ಲಮ್ಮ... ಪೇಪರೂ ಇಲ್ಲ, ಏನೂ ಇಲ್ಲ. ಜನ ನಗಲಿ ಅಂತ ನಾನೇ ಕಟ್ಟಿದ್ದು. ಈಗ ಹೇಳಿದ್ದೂ ಸುಳ್ಳು."

ಈನಿಡ್ ಅವನನ್ನೇ ನೋಡಿದಳು. "ನನ್ನ ಬಾಯಲ್ಲೇ ನಮ್ಮಜ್ಜೀನ ಸುಳ್ಳುಬುರುಕಿ ಅನ್ನಿಸಿಬಿಟ್ರಲ್ರೀ. ನಂಗ್ಯಾಕೆ ಹೇಳ್ತೀರಿ? ನಕ್ಕೋರಿಗೆ ಹೋಗಿ ಹೇಳಿ."

ಅವನು ಇಳಿದು ಹೋಗಿ, ಚಹಾ ಕುಡಿಯುತ್ತಿದ್ದವರ ನಡುವೆ ನಿಂತು ಎಲ್ಲವನ್ನೂ ಹೇಳಿದ. ಯಾರೂ ಬೈಯಲಿಲ್ಲ. ಒಬ್ಬನಂತೂ, "ಹೋಗ್ಲಿ ಬಿಡಪ್ಪ, ಕಥೆ ಚೆನ್ನಾಗಿತ್ತು," ಎಂದು ಬೆನ್ನು ತಟ್ಟಿದ. ಬೈದಿದ್ದರೇ ವಾಸಿಯಿತ್ತು.

ಮತ್ತೆ ಗುಡ್ಡ ಹತ್ತಿದಾಗ ಈನಿಡ್ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವನು ಕೈಚಾಚಿದ. ಆಕೆ ಚೀಲ ಕೊಡಲಿಲ್ಲ. ಹೂವನ್ನು ಕಲ್ಲಿಗೆ ಒರಗಿಸಿ, ಭಾರವನ್ನು ತಾನೇ ಹೊತ್ತು ಬಸ್ಸಿಗೆ ಹೋದಳು.

ಆಮೇಲೆ ಕ್ಲಿಫರ್ಡ್ ಯಾರಿಗೂ ಸ್ಮಶಾನ ತೋರಿಸಲಿಲ್ಲ. ಈಗ ಅಲ್ಲೇ ಗೋರಿಗಳಿಗೆ ಹಬ್ಬಿದ ಬಳ್ಳಿ ಕೀಳುತ್ತಾನೆ. ಗುಂಪು ಬರುವುದು ಕಂಡರೆ ಎದ್ದು ಆಚೆ ಸಾಲಿಗೆ ಹೋಗಿಬಿಡುತ್ತಾನೆ.