ಮೈದಾನದ ಆಕ್ಷೇಪಣೆ

ಖೂ ಬೀ ಲಿಯಾನ್ ಕೋರ್ಟಿನಲ್ಲಿ ದುಭಾಷಿಯಾಗಿದ್ದು ನಿವೃತ್ತರಾದವರು. ಮನೆಮಾತಾದ ಚೀನೀ ಹೊಕ್ಕಿಯೆನ್ ಅಲ್ಲದೆ ಮಲಯ, ಇಂಗ್ಲಿಷ್, ಕೆಲಸ ನಡೆಸುವಷ್ಟು ತಮಿಳು ಬರುತ್ತಿತ್ತು. ಆ ಕಾರಣಕ್ಕೇ ತಾಮನ್ ಮೆಲೂರ್ ಬಡಾವಣೆಯವರು ಅವರನ್ನು ನಿವಾಸಿಗಳ ಸಂಘಕ್ಕೆ ಅಧ್ಯಕ್ಷೆ ಮಾಡಿದ್ದರು. ಆ ದೇಶದಲ್ಲಿ ನಗರಸಭೆಯ ಸದಸ್ಯರನ್ನು ಜನ ಆರಿಸುವುದಿಲ್ಲ, ಪಕ್ಷಗಳು ನೇಮಿಸುತ್ತವೆ. ಓಟಿನ ಹೆದರಿಕೆ ತೋರಿಸುವಂತಿಲ್ಲದ ಕಡೆ ಕಾಗದ ಬರೆದೇ ಕಾಡಬೇಕು, ಹಾಗೆ ಬರೆಯಬಲ್ಲವರು ಬಡಾವಣೆಯಲ್ಲಿ ಇನ್ನೊಬ್ಬರಿರಲಿಲ್ಲ.

ಬಡಾವಣೆಯ ಹೆಸರು ಪೇಪರಿನಲ್ಲಿ ಬಂದದ್ದು ಮೈದಾನದ ಗಲಾಟೆಯಲ್ಲಿ. ಬೀ ಲಿಯಾನರ ಮನೆಯೆದುರಿನ ಆ ಮೈದಾನದಲ್ಲಿ ಮೂವತ್ತಂತಸ್ತಿನ ಕಟ್ಟಡ ಎಬ್ಬಿಸಲು ಒಬ್ಬ ಬಿಲ್ಡರ್ ಜೆಸಿಬಿ ತಂದು ನಿಲ್ಲಿಸಿದ್ದ. ಬಡಾವಣೆಯವರು ಬ್ಯಾನರ್ ಹಿಡಿದು ರಸ್ತೆಯ ಪಕ್ಕದಲ್ಲಿ ನಿಂತರು. ಜೆಸಿಬಿಯ ಮುಂದೆ ಹೋಗಿ ಕೂತವರು ಮಾತ್ರ ದೊಡ್ಡ ಚರಂಡಿಯಾಚೆಯ ಸಾಲುಮನೆಗಳ ತಮಿಳು ಹೆಂಗಸರು. ರಬ್ಬರ್ ತೋಟ ಮುಚ್ಚಿದಾಗ ತಾತ್ಕಾಲಿಕ ಎಂದು ಹೇಳಿ ಅಲ್ಲಿ ಕೂಲಿಗಳಾಗಿದ್ದ ಅವರನ್ನು ಆ ತಗಡು ಹಲಗೆಯ ಗೂಡುಗಳಲ್ಲಿ ಕೂರಿಸಿದ್ದರು. ಅವರ ಮಕ್ಕಳಿಗೂ ಆಡಲು ಇದ್ದದ್ದು ಆ ಮೈದಾನವೊಂದೇ. ಅವರನ್ನು ಕರೆತಂದವಳು ಆಸ್ಪತ್ರೆಯಲ್ಲಿ ಕಸ ಗುಡಿಸುವ ತವಮಣಿ. ಪೊಲೀಸರು ಅವಳನ್ನೂ ಬೀ ಲಿಯಾನರನ್ನೂ ಒಂದೇ ವ್ಯಾನಿಗೆ ಹತ್ತಿಸಿದರು. ಠಾಣೆಯ ಬೆಂಚಿನ ಮೇಲೆ ತವಮಣಿ ಬೀ ಲಿಯಾನರ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು ಬಿಟ್ಟು ಕಳಿಸುವವರೆಗೂ ಹಿಡಿದೇ ಕೂತಿದ್ದಳು. ಬೀ ಲಿಯಾನ್ ನಗರಸಭೆಗೆ ಆಕ್ಷೇಪಣೆ ಬರೆದರು, ಕೊನೆಗೆ ಬಿಲ್ಡರ್ ಕಾಲ್ತೆಗೆದ. ಅಂದಿನಿಂದ ದೀಪಾವಳಿಗೆ ಬೀ ಲಿಯಾನ್ ತವಮಣಿಯ ಮನೆಗೆ ಹೋಗುವುದು, ಚೀನೀ ಹೊಸವರ್ಷಕ್ಕೆ ಅವಳು ಇವರ ಮನೆಗೆ ಬರುವುದು ರೂಢಿಯಾಯಿತು.

ಹತ್ತು ವರ್ಷ ಕಳೆದ ಮೇಲೆ ಮೈದಾನದ ಮೂಲೆಯಲ್ಲಿ ನಗರಸಭೆಯ ಹೊಸ ಬೋರ್ಡು ಎದ್ದಿತು. ಸಾಲುಮನೆಯವರಿಗಾಗಿ ಅಗ್ಗದ ಫ್ಲಾಟುಗಳು, ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು ಎಂದಿತ್ತು.

ಸಂಘದ ಸಭೆ ಭರ್ತಿಯಾಗಿತ್ತು. ಕರಿದ ಬಾಳೆಹಣ್ಣಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿದ್ದಂತೆ ಮಾತು ಬಿಸಿಯಾಯಿತು.

"ಮಗಳ ಹೆಸರಿಗೆ ಅಂತ ಇಟ್ಟಿರೋ ಮನೆ ನಮ್ದು," ಎಂದರು ಮೂಲೆಮನೆಯಾಕೆ. "ಎದುರಿಗೆ ಅಗ್ಗದ ಫ್ಲಾಟ್ ಎದ್ರೆ ಯಾರ್ ತಗೋತಾರೆ?"

"ಅವ್ರ ಮೋಟಾರ್ ಸೈಕಲ್ಲು, ಅವ್ರ ಕುಡಿತ. ಬೀಗ ಎರಡೆರಡು ಹಾಕ್ಕೋಬೇಕಾಗುತ್ತೆ," ಎಂದಿತು ಹಿಂದಿನ ಸಾಲಿನ ಒಂದು ದನಿ. ಕೆಲವರು ನಕ್ಕರು.

ಕಾರ್ಯದರ್ಶಿ ಹಾಜಿ ರಮ್ಲಿ ಮೆಲುಮಾತಿನ ಮನುಷ್ಯ. ಬೀ ಲಿಯಾನರನ್ನು ಸ್ವಂತ ಅಕ್ಕನನ್ನು ಕರೆಯುವಂತೆ 'ಕಾಕ್' ಎನ್ನುತ್ತಿದ್ದರು. ನಗು ನಿಲ್ಲುವವರೆಗೆ ಕಾದು ಹೇಳಿದರು: "ಕಾಕ್ ಲಿಯಾನ್, ಇವೆಲ್ಲ ಬರೆಯೋ ಮಾತಲ್ಲ. ಟ್ರಾಫಿಕ್ಕು, ಚರಂಡಿ, ಮರಗಳು, ಮಕ್ಕಳ ಆಟದ ಜಾಗ, ಇಷ್ಟಿರ್ಲಿ. ನೀವು ಬರೆದ್ರೆ ನಗರಸಭೆಯೋರು ತಳ್ಳಿ ಹಾಕೋಕಾಗಲ್ಲ."

ಬೀ ಲಿಯಾನ್ ಬರೆದರು. ಮೈದಾನ ಉಳಿಯಬೇಕು, ಕಟ್ಟುವವರು ಯಾರಾದರೇನು ಎಂದು ತಮಗೆ ತಾವೇ ಹೇಳಿಕೊಂಡರು. ಆ ಮಾತು ಸುಳ್ಳೂ ಆಗಿರಲಿಲ್ಲ. ಸಂಜೆ ಅಲ್ಲಿಂದ ಬೀಸುವ ಗಾಳಿಗೆ ಮೈಯೊಡ್ಡಿ ಕೂರುವುದು ಗಂಡ ಸತ್ತ ಮೇಲೆ ಅವರಿಗೆ ಉಳಿದಿದ್ದ ಸುಖ. ಮೊದಲ ಸಹಿ ತಾವೇ ಹಾಕಿದರು.

ವಿಚಾರಣೆಗೆ ಇನ್ನೊಂದು ವಾರವಿರುವಾಗ, ಒಂದು ಮಧ್ಯಾಹ್ನ ತವಮಣಿ ಗೇಟಿನ ಹತ್ತಿರ ನಿಂತು ಕೂಗಿದಳು. ಕೈಯಲ್ಲಿ ವಡೆಯ ಡಬ್ಬಿ.

"ಅಕ್ಕಾ, ಕೊನೆಗೂ ನಮ್ ಕಡೆ ಕಣ್ ಬಿಟ್ರು," ಎನ್ನುತ್ತಲೇ ಒಳಗೆ ಬಂದು ಕೂತಳು. "ತಾತ್ಕಾಲಿಕ ಅಂದಿದ್ರಲ್ಲ, ನನ್ ಮಗಳು ಅಲ್ಲೇ ಹುಟ್ಟಿ, ಅಲ್ಲೇ ಮದ್ವೆಯಾಗಿ, ಈಗ ಮೊಮ್ಮಗೂನೂ ಅಲ್ಲೇ ಅಂಬೆಗಾಲಿಡ್ತಿದೆ. ಮಳೆ ಬಂದ್ರೆ ಅದನ್ನ ಮಂಚದ ಮೇಲಿಂದ ಇಳಿಸೋ ಹಂಗಿಲ್ಲ."

ಬೀ ಲಿಯಾನ್ ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋದರು. ಅವಳ ಮಾತು ಅಲ್ಲಿಗೂ ಬಂತು.

"ಆದ್ರೆ ಯಾರೋ ಅಡ್ಡ ಹಾಕ್ತಿದಾರಂತೆ. ವಿಚಾರಣೆ ಇಟ್ಟಿದಾರೆ. ನೀವ್ ಬಂದು ನಮ್ ಪರ ಒಂದ್ ಮಾತು ಹೇಳ್ಬೇಕು, ಅಕ್ಕಾ. ನಾನ್ ಬಾಯ್ಬಿಟ್ರೆ ಜಗಳ ಆಡ್ದಂಗಿರುತ್ತೆ. ನೀವ್ ಹೇಳಿದ್ರೆ ಕಾನೂನು ಹೇಳ್ದಂಗಿರುತ್ತೆ."

"ಯಾರು ಅಡ್ಡ ಹಾಕ್ತಿರೋದು ಅಂತ ಹೇಳಿದ್ರಾ?"

"ಯಾರೋ ದೊಡ್ಡೋರಿರ್ಬೇಕು. ಇನ್ನೊಬ್ಬ ಬಿಲ್ಡರ್ ಕಣ್ ಹಾಕಿರ್ಬೋದು. ನಿಮ್ ಬಡಾವಣೆಯೋರಾಗಿದ್ರೆ ನೀವ್ ನಂಗ್ ಹೇಳ್ದೇ ಇರ್ತಿದ್ರಾ?"

ಹೇಳಬೇಕಾಗಿದ್ದ ಹೊತ್ತು ಅದೇ. ಬೀ ಲಿಯಾನ್ ಲೋಟಕ್ಕೆ ಸಕ್ಕರೆ ಹಾಕಿ ಕದಡಿದರು, ಕರಗಿದ ಮೇಲೂ ಕದಡಿದರು. "ಬರ್ತೀನಿ" ಎಂದಷ್ಟೇ ಹೇಳಿದರು. ತವಮಣಿ ಸಮಾಧಾನದಿಂದ ಕಾಫಿ ಕುಡಿದು, ಡಬ್ಬಿ ಆಮೇಲೆ ಕೊಡಿ ಎಂದು ಹೊರಟಳು. ವಡೆ ಹಾಗೇ ಉಳಿದು ಮರುದಿನ ಹಳಸಿತು.

ವಿಚಾರಣೆ ನಗರಸಭೆಯ ಮೇಲಂತಸ್ತಿನ ಕೋಣೆಯಲ್ಲಿ ನಡೆಯಿತು. ಬಡಾವಣೆಯವರು ಒಂದು ಕಡೆ, ಸಾಲುಮನೆಯವರು ಹಿಂದುಗಡೆ. ತವಮಣಿ ಒಳ್ಳೆಯ ಸೀರೆಯುಟ್ಟು ಬಂದು, ಮುಂದಿನ ಸಾಲಿನಲ್ಲಿದ್ದ ಬೀ ಲಿಯಾನರಿಗೆ ಕಣ್ಣಲ್ಲೇ ನಮಸ್ಕಾರ ಹೇಳಿದಳು. ಅಧಿಕಾರಿ ಆಕ್ಷೇಪಣೆಯನ್ನು ಗಟ್ಟಿಯಾಗಿ ಓದಿದರು. ನಾಲ್ಕು ಪುಟದ ತಪ್ಪಿಲ್ಲದ ಮಲಯ. ಓದಿ ಮುಗಿಸಿ, "ಸಲ್ಲಿಸಿದವರು ಖೂ ಬೀ ಲಿಯಾನ್ ಮತ್ತು ಇತರರು" ಎಂದರು.

ಬೀ ಲಿಯಾನ್ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಎದ್ದು ನಿಂತರು. ಜೀವಮಾನವೆಲ್ಲ ಇಂಥ ಕೋಣೆಗಳಲ್ಲಿ ಬೇರೆಯವರ ಮಾತನ್ನು ಆಡಿದ್ದವರು. ತಮ್ಮದನ್ನು ಆಡಲು ಹೊರಟದ್ದು ಇದೇ ಮೊದಲು.

"ಬರೆದವಳು ನಾನೇ. ಇದರಲ್ಲಿರೋ ಒಂದೊಂದು ಮಾತೂ ನಿಜ. ಆದ್ರೆ ಇದನ್ನ ಬರೆದದ್ದು ಈ ಜನ ಬರಬಾರದು ಅಂತ. ಆ ಮಾತು ಇದರಲ್ಲಿಲ್ಲ. ನನ್ನ ಆಕ್ಷೇಪಣೆ ವಾಪಸ್ ತಗೋತೀನಿ. ಅವ್ರಿಗೆ ಮನೆ ಕೊಡಿ."

"ಕಾಕ್ ಲಿಯಾನ್, ಕೂತ್ಕೊಳ್ಳಿ," ಎಂದರು ಹಾಜಿ ರಮ್ಲಿ, ತಗ್ಗಿದ ದನಿಯಲ್ಲಿ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಸಹಿ ತೆಗೀಬಹುದು, ಮೇಡಂ. ಉಳಿದವರ ಸಹಿ ಹಾಗೇ ಇರುತ್ತೆ. ಉಳಿದವರು ಯಾರಾದ್ರೂ ವಾಪಸ್ ತಗೋತೀರಾ?"

ಯಾರೂ ಏಳಲಿಲ್ಲ. ಹಾಜಿ ರಮ್ಲಿ ಬಾಗಿಲ ಕಡೆ ನೋಡುತ್ತಿದ್ದರು.

ಹೊರಗೆ ಮೆಟ್ಟಿಲ ಹತ್ತಿರ ತವಮಣಿ ಸಿಕ್ಕಳು. ಬೀ ಲಿಯಾನ್ ಅವಳ ಹೆಸರು ಹಿಡಿದು ಕರೆದರು.

"ಚೆನ್ನಾಗ್ ಬರ್ದಿದೀರ, ಅಕ್ಕಾ," ಎಂದಳು ತವಮಣಿ. "ಅವತ್ತು ಆ ಬಿಲ್ಡರ್ ಮೇಲೆ ಬರ್ದಿದ್ರಲ್ಲ, ಅದನ್ನೇ ಓದ್ದಂಗಿತ್ತು. ಅವ್ನ ಜೊತೆಗೆ ನಮ್ಮನ್ನೂ ಕೂರಿಸ್ಬಿಟ್ರಿ." ಗೊಣಗುತ್ತಿದ್ದ ಹೆಂಗಸರನ್ನು ಸುಮ್ಮನಾಗಿಸಿ ಇಳಿದು ಹೋದಳು.

ಅಧ್ಯಕ್ಷಗಿರಿ ಬಿಟ್ಟ ಮೇಲೆ ಬೀ ಲಿಯಾನ್ ಮನೆಮನೆಗೂ ಹೋಗಿ, ಸಹಿ ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದರು. ಕೆಲವರು ಒಳಗೆ ಕರೆದು ಜ್ಯೂಸ್ ಕೊಟ್ಟು ಬೇರೆ ವಿಷಯ ಮಾತಾಡಿದರು. ಮೂಲೆಮನೆಯಾಕೆ ಗೇಟು ತೆರೆಯದೆಯೇ, "ನಿಮ್ಗೆ ಮಕ್ಕಳಿಲ್ಲ, ಹೇಳೋದು ಸುಲಭ," ಎಂದರು. ಹಾಜಿ ರಮ್ಲಿ ಕೈಮುಗಿಯುವಂತೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ನನ್ನನ್ನ ಕೇಳ್ಬೇಡಿ, ಕಾಕ್. ಇಲ್ಲ ಅನ್ನೋಕೂ ಕಷ್ಟ ಆಗುತ್ತೆ," ಎಂದರು. ಒಟ್ಟು ಇಬ್ಬರು ಸಹಿ ಹಿಂತೆಗೆದುಕೊಂಡರು.

ವಿಧಾನಸಭೆಯ ಚುನಾವಣೆ ಹತ್ತಿರವಿತ್ತು. ಆ ಕ್ಷೇತ್ರದ ಶಾಸಕರು ಬಡಾವಣೆಗೆ ಬಂದು ಹಸಿರನ್ನು ಕಾಪಾಡುವ ಭರವಸೆ ಕೊಟ್ಟರು. ಯೋಜನೆ ನಿಂತಿತು. ಸಾಲುಮನೆಯವರನ್ನು ಹೆದ್ದಾರಿಯಾಚೆ, ಬೇರೆ ಊರಿನಲ್ಲಿ ಖಾಲಿ ಬಿದ್ದಿದ್ದ ಹಳೆಯ ಫ್ಲಾಟುಗಳಿಗೆ ಲಾರಿಗಳಲ್ಲಿ ಸಾಗಿಸಿದರು. ಮೈದಾನದ ಸುತ್ತ ಓಡುವವರಿಗೆ ಕೆಂಪು ಹಾದಿ ಬಂತು. ಉದ್ಘಾಟನೆಯ ದಿನ ಬೀ ಲಿಯಾನ್ ಕಿಟಕಿ ಮುಚ್ಚಿಕೊಂಡು ಒಳಗೇ ಇದ್ದರು.

ತವಮಣಿಯನ್ನು ನೋಡಲು ಹೋಗುವಷ್ಟರಲ್ಲಿ ಹಲವು ತಿಂಗಳಾಗಿತ್ತು. ಎರಡು ಬಸ್ಸು ಬದಲಿಸಿ, ಲಿಫ್ಟು ಕೆಟ್ಟಿದ್ದರಿಂದ ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಾಗಿಲು ತಟ್ಟಿದರು. ತವಮಣಿ ಒಂದು ಗಳಿಗೆ ಬಾಗಿಲಲ್ಲೇ ನಿಂತು ನೋಡಿದಳು.

"ಅಕ್ಕಾ, ಕೋಪ ಇದೆ. ಹೋಗಿಲ್ಲ," ಎಂದಳು. "ಒಳಗ್ ಬನ್ನಿ. ಮೆಟ್ಲು ಹತ್ತಿ ಬಂದಿದೀರ."

ಕುಡಿಯಲು ನೀರು ಕೊಟ್ಟಳು. ಬೆಳಗಿನ ಮೊದಲ ಬಸ್ಸು ತಪ್ಪಿದರೆ ಆಸ್ಪತ್ರೆಯಲ್ಲಿ ಅರ್ಧ ದಿನದ ಸಂಬಳ ಹೋಗುತ್ತದೆಂದೂ ಅಳಿಯ ಹಳೆಯ ಕೆಲಸ ಬಿಟ್ಟು ಇಲ್ಲೇ ಗ್ಯಾರೇಜು ಸೇರಿದನೆಂದೂ ಹೇಳಿದಳು. ಗೋಡೆ ಗಟ್ಟಿಯಾಗಿದೆ, ಮಳೆ ಬಂದರೆ ಮಗುವನ್ನು ನೆಲಕ್ಕೆ ಬಿಡಬಹುದು ಎಂದೂ ಹೇಳಿದಳು. ಬೀ ಲಿಯಾನ್ ಕ್ಷಮೆ ಕೇಳಿದರು. ನಾಲ್ಕು ಭಾಷೆ ಬಲ್ಲ ಬಾಯಿಗೆ ಬಂದದ್ದು ಕ್ಷಮಿಸು ಎನ್ನುವ ಒಂದೇ ತಮಿಳು ಶಬ್ದ, ಅದೂ ತಪ್ಪು ಉಚ್ಚಾರದಲ್ಲಿ. ಮಗು ತೆವಳುತ್ತಾ ಬಂದು ಬೀ ಲಿಯಾನರ ಮೊಣಕಾಲು ಹಿಡಿದು ನಿಲ್ಲಲು ನೋಡಿತು. ತವಮಣಿ ಅದನ್ನು ಎತ್ತಿಕೊಳ್ಳಲೂ ಇಲ್ಲ, ತಡೆಯಲೂ ಇಲ್ಲ.

ಹೊರಡುವಾಗ, ದಾರಿಯಲ್ಲಿ ನಾಯಿಗಳಿವೆ ಎಂದು ಬಸ್ ಸ್ಟಾಪಿನವರೆಗೆ ತಾನೂ ಬಂದಳು. ಬಸ್ಸು ಬಂದಾಗ ಬೀ ಲಿಯಾನ್, "ಮತ್ತೆ ಬರ್ಲಾ?" ಎಂದು ಕೇಳಿದರು.

"ಭಾನುವಾರ ಆದ್ರೆ ಮನೇಲಿರ್ತೀನಿ," ಎಂದಳು ತವಮಣಿ, ಬಸ್ಸು ಬಂದ ದಾರಿಯನ್ನೇ ನೋಡುತ್ತಾ.