ಮೈರಾನ್ ಇಟ್ಟ ಅಳತೆ

ಕಾರಿನ ಕಾರ್ಬ್ಯುರೇಟರಿನ ಪಕ್ಕದ ನಾಲ್ಕು ಸ್ಕ್ರೂಗಳ ತಲೆಯ ಮೇಲೆ ನಾಲ್ಕು ಕೆಂಪು ಚುಕ್ಕೆಗಳಿದ್ದವು. ಓಲ್ಗಾಳ ಉಗುರುಬಣ್ಣ. ಒಮ್ಮೆ ಅಳತೆ ಇಟ್ಟ ಮೇಲೆ ಯಾರೂ ಸುಮ್ಮಸುಮ್ಮನೆ ಕೈಹಾಕಬಾರದೆಂದು ಮೈರಾನ್ ಹೆಂಡತಿಯ ಶೀಶೆಯನ್ನು ಕದ್ದು ತಂದು ಹಚ್ಚುತ್ತಿದ್ದ. ಅವನು ಹೋಗಿ ಏಳು ತಿಂಗಳಾಗಿತ್ತು. ಚುಕ್ಕೆಗಳು ಮಾತ್ರ ಹಾಗೇ ಇದ್ದವು.

ಶನಿವಾರ ಬೆಳಿಗ್ಗೆ ಶೆಡ್ಡಿನಲ್ಲಿ ಬಾನೆಟ್ಟಿನ ಕೆಳಗೆ ಬಗ್ಗಿದ ಅವನ ತಮ್ಮ ಓರೆಸ್ಟ್‌ನ ಕಣ್ಣು ಮೊದಲು ಬಿದ್ದದ್ದು ಅವುಗಳ ಮೇಲೆಯೇ.

"ಎಲ್ಲಾ ಮುಗೀತು ಚಿಕ್ಕಪ್ಪ," ಎಂದಳು ಮೈರಾನ್‌ನ ಮಗಳು ಲಾರಿಸಾ, ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ. "ನಾಳೆ ರೇಸಲ್ಲಿ ಓಡ್ಸೋದೊಂದೇ ಬಾಕಿ."

ಎಪ್ಪತ್ತೊಂದನೇ ಇಸವಿಯ ಆ ಆರು ಸಿಲಿಂಡರಿನ ಎಂಜಿನ್ನನ್ನು ಮೈರಾನ್ ಎರಡು ಚಳಿಗಾಲ ಕೂತು ತನ್ನ ಕೈಯಾರೆ ಕಟ್ಟಿದ್ದ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕೂಡ ಅವನು ತಂದದ್ದೇ. ಗುಜರಿಗೆ ಬಿದ್ದ ಲಾರಿಯೊಂದರದು, ತೊಂಬತ್ತು ಡಾಲರ್. ಹಿಟ್ಟಿನ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, "ಬರೋ ಚಳಿಗಾಲದಲ್ಲಿ ಹಾಕೋಣ" ಎಂದು ನಾಲ್ಕು ವರ್ಷ ಹೇಳಿದ. ಐದನೆಯದಕ್ಕೆ ಅವನಿರಲಿಲ್ಲ. ಲಾರಿಸಾ ಹಗಲು ಧಾನ್ಯದ ಲಾರಿ ಓಡಿಸಿ, ಸಂಜೆ ಈ ಕೆಲಸ ಹಿಡಿದಳು. ಸೈಲೆನ್ಸರ್ ಅಂಗಡಿಯವರು ಎಸೆದ ತುಂಡು ಪೈಪುಗಳನ್ನು ಬೆಸೆದಳು. ಟರ್ಬೊದಿಂದ ನುಗ್ಗುವ ಗಾಳಿ ಕಾರ್ಬ್ಯುರೇಟರಿನೊಳಕ್ಕೆ ಸೋರದೆ ಇಳಿಯಲು ಮೇಲೊಂದು ಟೋಪಿ ಬೇಕಿತ್ತು. ಅಂಗಡಿಯಲ್ಲಿ ಅದರ ಬೆಲೆ ಕೇಳಿ ಬಂದವಳು ತಾಯಿಯ ಅಡುಗೆಮನೆಗೆ ನುಗ್ಗಿದಳು. ಈಗ ಓಲ್ಗಾ ಬೋರ್ಷ್ ಸಾರು ಮಾಡುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಎಂಜಿನ್ನಿನ ಮೇಲೆ ಬೋರಲಾಗಿ ಕುಳಿತಿತ್ತು.

"ನಿಮ್ಮಮ್ಮ ಏನಂದ್ಲು?"

"ಸಾರು ಬೇಕಂದ್ರೆ ಕಾರ್ ಹತ್ರಾನೇ ಕೇಳ್ಕೋ ಅಂದ್ಲು."

ಓರೆಸ್ಟ್ ನಕ್ಕ. ಪೆಟ್ರೋಲ್ ಪಂಪು, ಒತ್ತಡದ ಕೊಳವೆಗಳು ಅವನೇ ಜೋಡಿಸಿದ್ದು. ಅವುಗಳ ಬಗ್ಗೆ ಚಿಂತೆಯಿರಲಿಲ್ಲ. ಆದರೆ ಗಾಳಿ ಹೆಚ್ಚು ತುಂಬಿದರೆ ಪೆಟ್ರೋಲೂ ಹೆಚ್ಚು ಬೇಕು. ಅದನ್ನು ಅಳೆದು ಬಿಡುವುದು ಆ ಕೆಂಪು ಚುಕ್ಕೆಗಳ ಹಿಂದಿರುವ, ಕಡಲೆಕಾಳಿನ ಗಾತ್ರದ ಎರಡು ಹಿತ್ತಾಳೆ ಜೆಟ್ಟುಗಳು. ಅವುಗಳ ತೂತು ದೊಡ್ಡದಾಗಬೇಕಿತ್ತು. ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಉರಿ ವಿಪರೀತ ಬಿಸಿಯಾಗಿ, ಪಿಸ್ಟನ್ನುಗಳು ಮೇಣದ ಹಾಗೆ ಕರಗುತ್ತವೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ದುಡಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಜೆಟ್ಟು?" ಎಂದ.

ಲಾರಿಸಾಳ ಕೈ ನಿಂತಿತು. "ಅದು ಅಪ್ಪ ಇಟ್ಟಿದ್ದು."

"ಹೂಂ. ಆದ್ರೆ..."

"ಅಪ್ಪ ಇಟ್ಟಿದ್ದು ಚಿಕ್ಕಪ್ಪ. ಉಳಿದಿದ್ದೆಲ್ಲಾ ನಾನೇ ಬಿಚ್ಚಿದೀನಿ, ಕಡಿದಿದೀನಿ. ಅದೊಂದು ಇರ್ಲಿ. ಗಾಳಿ ಕಮ್ಮಿ ಬಿಡ್ತೀನಿ, ಆಯ್ತಾ?"

ಪಿಸ್ಟನ್ನು ಕರಗುವ ಮಾತನ್ನು ಓರೆಸ್ಟ್ ಎತ್ತಲಿಲ್ಲ. ಅವನು ಟಾರ್ಚ್ ಆರಿಸಿ ಹೊರಗೆ ಬಂದ. ಕಟಾವಾದ ಗೋಧಿಯ ಹೊಲಗಳು ಕಣ್ಣು ಹರಿಯುವಷ್ಟು ದೂರ ಬೋಳಾಗಿ ಬಿದ್ದಿದ್ದವು.

ಹೀಗೆ ಮಾತು ನುಂಗುವುದು ಅವನಿಗೆ ಹೊಸದಲ್ಲ. ಫೆಬ್ರವರಿಯಲ್ಲಿ ಇದೇ ಅಂಗಳದಲ್ಲಿ ಅಣ್ಣ ತಮ್ಮ ಇಬ್ಬರೂ ಹಿಮ ಎತ್ತಿಹಾಕುತ್ತಿದ್ದರು. ಮೈರಾನ್ ನಡುವೆ ನಿಂತು ಸಲಿಕೆಯ ಹಿಡಿಗೆ ಎದೆ ಒರಗಿಸಿದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಗ್ಯಾಸ್ ಕಣೋ," ಅಂದ. ಓರೆಸ್ಟ್‌ಗೆ ಅದು ಗ್ಯಾಸ್ ಅಲ್ಲವೆಂದು ಗೊತ್ತಾಗಿತ್ತು. ಆದರೆ ಅವರ ಮನೆಯಲ್ಲಿ ಗಂಡಸಿಗೆ ಗಂಡಸು ಅಂಥ ಮಾತು ಹೇಳುವ ರೂಢಿಯೇ ಇರಲಿಲ್ಲ. ಅಣ್ಣನ ಪಾಲಿನ ಹಿಮವನ್ನೂ ತಾನೇ ಎತ್ತಿದ, ಅಷ್ಟೇ. ಮೂರನೆಯ ದಿನ ಮೈರಾನ್ ಇಲ್ಲವಾದ. ಗೋರಿಗೆ ಮಣ್ಣು ಹಾಕುವಾಗ ಎಲ್ಲರೂ ಓರೆಸ್ಟ್‌ನ ಭುಜ ತಟ್ಟಿದರು. ಅವನಿಗೆ ತಿಳಿದಿದ್ದುದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಭಾನುವಾರ ಆ ವರ್ಷದ ಕೊನೆಯ ಕಾರು ಓಟ. ಯುದ್ಧಕಾಲದ ಹಳೆಯ ವಿಮಾನಪಟ್ಟಿಯಲ್ಲಿ ಕಾಲು ಮೈಲಿ ಗುರುತು ಮಾಡಿದ್ದರು. ಸಾಲಿನಲ್ಲಿ ನಿಂತಿದ್ದ ವೆಂಡಲ್ ಹತ್ತಿರ ಬಂದ. ಇಪ್ಪತ್ತು ವರ್ಷ ಮೈರಾನ್‌ನೊಂದಿಗೆ ಪೈಪೋಟಿ ನಡೆಸಿದವನು, ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನೂ ಹೌದು.

"ಏನಮ್ಮಾ, ಇದು ಕಾರೋ ಅಡುಗೆಮನೆಯೋ?"

"ಹಸಿವಾದ್ರೆ ಹಿಂದೆ ಬನ್ನಿ ಅಂಕಲ್. ಮುಂದೆ ಬರೋಕಂತೂ ಆಗಲ್ಲ."

"ನಿಮ್ಮಪ್ಪನ ನಾಲಿಗೇನೇ ಬಂದಿದೆ ನಿಂಗೆ," ಎಂದು ವೆಂಡಲ್ ತಲೆಯಾಡಿಸಿ ಹೋದ.

ದೀಪ ಹಸಿರಾಯಿತು. ಕಾರು ಮೊದಲು ತಡವರಿಸಿತು. ಆಮೇಲೆ ಟರ್ಬೊ ಸಿಳ್ಳೆ ಹಾಕುತ್ತ ಎದ್ದಿತು. ಬೇಲಿಯ ಬಳಿ ನಿಂತಿದ್ದ ಓರೆಸ್ಟ್ ಕಣ್ಣು ಮುಚ್ಚಿ ಕೇಳಿದ. ಕಾರು ಅರ್ಧ ದಾರಿ ದಾಟುವ ಹೊತ್ತಿಗೆ ಸಿಳ್ಳೆಯ ಅಡಿಯಿಂದ ಇನ್ನೊಂದು ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಯಾರೋ ಗೋಲಿಗಳನ್ನು ಕುಲುಕಿದಂತೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮೈರಾನ್‌ನ ಅತ್ಯುತ್ತಮ ಓಟಕ್ಕಿಂತ ಅರ್ಧ ಸೆಕೆಂಡು ಕಡಿಮೆ ಎಂದು ಫಲಕ ತೋರಿಸಿತು.

ಲಾರಿಸಾ ಹಿಂತಿರುಗಿದಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಬೆಳಕಿತ್ತು. "ಚಿಕ್ಕಪ್ಪ, ಈ ಸಲ ಪೂರ್ತಿ ಗಾಳಿ ಬಿಡ್ತೀನಿ."

ಓರೆಸ್ಟ್ ಸ್ಪ್ಯಾನರು ತೆಗೆದುಕೊಂಡು ಕುದಿಯುವ ಎಂಜಿನ್ನಿಗೆ ಬಾಗಿ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿದ. ಬೆರಳು ಸುಟ್ಟಿತು, ಬಿಡಲಿಲ್ಲ. ಬಟ್ಟೆಯಲ್ಲಿ ಹಿಡಿದು ಅದರ ತುದಿಯನ್ನು ಬಿಸಿಲಿಗೆ ತಿರುಗಿಸಿದ. ಸುಟ್ಟ ರೊಟ್ಟಿಯ ಕಂದು ಇರಬೇಕಾದ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಿತ್ತು. ಅದರ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆಗಳು ಮಿನುಗಿದವು. ಅದು ಮೈರಾನ್ ಕೂರಿಸಿದ ಪಿಸ್ಟನ್ನಿನ ಲೋಹ.

ಸಾಲು ಮುಂದೆ ಸರಿಯಿತು. ಅಧಿಕಾರಿ ಬಾವುಟ ಬೀಸಿ ಅವರನ್ನು ಕರೆದ.

"ಪ್ಲಗ್ ಹಾಕಿ ಚಿಕ್ಕಪ್ಪ, ಕರೀತಿದಾರೆ."

"ಹಾಕಲ್ಲ."

ಅವಳು ತಿರುಗಿ ನೋಡಿದಳು. ಓರೆಸ್ಟ್ ಪ್ಲಗ್ಗನ್ನು ಅವಳ ಅಂಗೈಯಲ್ಲಿಟ್ಟ.

"ನೋಡು. ಇದು ನಿಮ್ಮಪ್ಪನ ಎಂಜಿನ್ನು. ಕರಗ್ತಾ ಇದೆ. ಇನ್ನೊಂದು ಸಲ ಓಡಿಸಿದ್ರೆ ಗುಜರಿಗೆ ಹಾಕ್ಬೇಕಾಗುತ್ತೆ."

"ಅಪ್ಪ ತಪ್ಪು ಅಳತೆ ಇಡ್ತಾ ಇರ್ಲಿಲ್ಲ."

"ತಪ್ಪಲ್ಲ. ಅವನು ಅಳತೆ ಇಟ್ಟಾಗ ಈ ಗಾಳಿ ಇರ್ಲಿಲ್ಲ, ಅಷ್ಟೇ. ಇದ್ದಿದ್ರೆ ಮೊದ್ಲು ಅವನೇ ಬಿಚ್ಚಿರೋನು."

ಲಾರಿಸಾ ಪ್ಲಗ್ಗನ್ನೇ ನೋಡುತ್ತಿದ್ದಳು. "ನಿನ್ನೆ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ಓರೆಸ್ಟ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅವತ್ತೂ ಸುಮ್ಮನಿದ್ದೆ," ಎಂದ. "ಹಿಮ ಎತ್ತೋವಾಗ ಎದೆ ಹಿಡ್ಕೊಂಡ. ಗ್ಯಾಸ್ ಅಂದ. ಅಲ್ಲ ಅಂತ ನಂಗೆ ಗೊತ್ತಿತ್ತು ಕಣೇ. ಆಸ್ಪತ್ರೆಗೆ ನಡಿ ಅನ್ನೋ ಒಂದು ಮಾತು ನನ್ನ ಬಾಯಿಂದ ಬರ್ಲಿಲ್ಲ."

ಲಾರಿಸಾ ಸ್ಟೀರಿಂಗಿಗೆ ಕೈಹಾಕಿ, ಕಾರನ್ನು ಸಾಲಿನಿಂದ ಪಕ್ಕಕ್ಕೆ ತಳ್ಳತೊಡಗಿದಳು. ಓರೆಸ್ಟ್ ಹಿಂದಿನಿಂದ ತಳ್ಳಿದ. ಹುಲ್ಲಿನ ಮೇಲೆ ಕಾರು ನಿಂತ ಮೇಲೆ, ಅವನ ಕಡೆ ನೋಡದೆಯೇ, "ಅವತ್ತು ಸಂಜೆ ಫೋನಲ್ಲಿ ನಂಗೂ ಗ್ಯಾಸ್ ಅಂತಾನೇ ಹೇಳಿದ್ದ," ಅಂದಳು. "ಉಸಿರು ಎಳೀತಿದ್ದಿದ್ದು ಕೇಳಿಸ್ತಿತ್ತು. ಶುಂಠಿ ಟೀ ಕುಡಿ ಅಂದೆ."

ಇಬ್ಬರೂ ಕಾರಿನ ಎರಡು ಪಕ್ಕದಲ್ಲಿ ನಿಂತಿದ್ದರು. ನಡುವೆ ಬಿಸಿ ಲೋಹ ಟಿಕ್ ಟಿಕ್ ಎಂದು ತಣಿಯುತ್ತಿತ್ತು.

ವೆಂಡಲ್ ದೂರದಿಂದಲೇ ನೋಡಿ ಅರ್ಥಮಾಡಿಕೊಂಡಿರಬೇಕು. ತನ್ನ ಜೆಟ್ಟುಗಳ ಡಬ್ಬಿ ತಂದು ಕಾರಿನ ಮಡ್‌ಗಾರ್ಡಿನ ಮೇಲಿಟ್ಟ. ಆ ವಿಮಾನಪಟ್ಟಿಯಲ್ಲಿ ಸೋಲಿಸಬೇಕಾದವನಿಗೂ ಸಾಮಾನು ಕೊಡದೆ ಇರುವ ರೂಢಿಯಿಲ್ಲ. "ಈಗಿರೋದಕ್ಕಿಂತ ಎಂಟು ನಂಬರ್ ದೊಡ್ಡದರಿಂದ ಶುರು ಮಾಡು," ಎಂದಷ್ಟೇ ಹೇಳಿ ಹೊರಟ.

ಲಾರಿಸಾ ಚಾಕುವಿನ ತುದಿಯಿಂದ ಮೊದಲ ಚುಕ್ಕೆಯನ್ನು ಕೆರೆದಳು. ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ಎರಡನೆಯದು. ಮೂರನೆಯದಕ್ಕೆ ಚಾಕು ಜಾರಿತು; ಓರೆಸ್ಟ್ ಸಹಾಯಕ್ಕೆ ಹೋಗಲಿಲ್ಲ. ನಾಲ್ಕನೆಯದೂ ಎದ್ದ ಮೇಲೆ ಅವನು ಕೆಳಗೆ ತಗಡಿನ ಡಬ್ಬಿ ಹಿಡಿದ. ಸ್ಕ್ರೂಗಳು ಸಡಿಲವಾಗಿ, ಒಳಗೆ ನಿಂತಿದ್ದ ಪೆಟ್ರೋಲ್ ಅದಕ್ಕೆ ಸುರಿಯಿತು. ವೆಂಡಲ್‌ನ ಡಬ್ಬಿಯ ಜೆಟ್ಟುಗಳನ್ನು ಕೂರಿಸಿ, ಹಳೆಯವನ್ನು ಅವಳು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಓಡಿಸಿದರು, ಬೆಳಗಿನಷ್ಟೇ ಗಾಳಿಯಲ್ಲಿ. ಗೋಲಿಗಳ ಸದ್ದಿರಲಿಲ್ಲ. ಫಲಕದ ಅಂಕಿಯನ್ನು ಓರೆಸ್ಟ್ ನೋಡಲಿಲ್ಲ. ಕಾರು ಬಂದು ನಿಂತೊಡನೆ ಹೊಸದಾಗಿ ಹಾಕಿದ್ದ ಪ್ಲಗ್ಗನ್ನು ಬಿಚ್ಚಿ ಅವಳಿಗೇ ಕೊಟ್ಟ. ಪಿಂಗಾಣಿಯ ಬುಡದಲ್ಲಿ ತೆಳುವಾಗಿ ಕಂದು ಹತ್ತಿತ್ತು, ಆದರೂ ಇನ್ನೂ ಸಾಲದು.

"ಅಮ್ಮನ ಉಗುರುಬಣ್ಣ ಕಾರಲ್ಲೇ ಇದೆ," ಎಂದಳು ಲಾರಿಸಾ. "ಹಚ್ಲಾ?"

"ಬೇಡ," ಎಂದ ಓರೆಸ್ಟ್. "ಮತ್ತೆ ಬಿಚ್ಬೇಕಾಗುತ್ತೆ."

ಅವಳು ಪ್ಲಗ್ಗನ್ನು ಒರೆಸಿ ಅವನ ಕೈಗೆ ಕೊಟ್ಟಳು. ಆಗ ಸುಟ್ಟ ಅವನ ಬೆರಳು ಕಣ್ಣಿಗೆ ಬಿತ್ತು. ಕಾರಿನ ಹಿಂಬದಿಗೆ ಹೋಗಿ ನೀರಿನ ಬಾಟಲಿ ತಂದು, ಅವನ ಕೈಯನ್ನು ಹಿಡಿದು ಮೆಲ್ಲಗೆ ಸುರಿದಳು. ನಂತರ, ಏನೋ ನೆನಪಾದವಳಂತೆ, "ನೋಯ್ತಿದೆಯಾ?" ಎಂದು ಕೇಳಿದಳು.

ಓರೆಸ್ಟ್ ಇಲ್ಲ ಎನ್ನಲು ಬಾಯಿ ತೆರೆದ.

"ಹೂಂ," ಎಂದ. "ನೋಯ್ತಿದೆ."